ಬಿ.ಎ.ಯೂ ಇರಲಿ, ಕುಂಚವೂ ಇರಲಿ

ಸಿಂಧನೂರು, ಲಿಂಗಸುಗೂರುಗಳಲ್ಲಿ ಬಿ.ಎ. ಓದುವ ಮಗನೋ ಮಗಳೋ ಚಿತ್ರ ಬರೆಯುತ್ತ ಕುಳಿತರೆ, ಭತ್ತ ಮಾರಿ ಫೀ ಕಟ್ಟಿದ ತಂದೆಗೆ ದಿಗಿಲು. ದಿಗಿಲು ಸುಳ್ಳಲ್ಲ, ಹಾಜರಿ ಕಡಿಮೆಯಾದರೆ ಪರೀಕ್ಷೆಗೆ ಕೂಡಿಸುವುದಿಲ್ಲ. ಆದರೆ ಇತಿಹಾಸದ ವಿದ್ಯಾರ್ಥಿಗೆ ಕುಂಚ ವೈರಿಯಾಗಬೇಕಿಲ್ಲ. 'ದೇವಾನಾಂಪ್ರಿಯ' ಎಂದರೆ ಅಶೋಕನೇ ಎಂದು ಖಚಿತಪಡಿಸಿದ್ದು 1915ರಲ್ಲಿ ಮಸ್ಕಿಯಲ್ಲಿ ಸಿಕ್ಕ ಬಂಡೆಶಾಸನ. ಭಾನುವಾರ ಅಲ್ಲಿಗೆ ಹೋಗಿ ಅದರ ಬ್ರಾಹ್ಮಿ ಅಕ್ಷರಗಳನ್ನು ನೋಡಿ ಬರೆದುಕೊಂಡವರಿಗೆ (ಮುಟ್ಟಬಾರದು, ನೋಡಿದರೆ ಸಾಕು) ಆ ಪಾಠ ಉರುಹೊಡೆಯುವ ಕೆಲಸ ಉಳಿಯದು. ಮುದಗಲ್ ಬಳಿಯ ಪಿಕ್ಲಿಹಾಳದ ಬಂಡೆಗಳ ಮೇಲೆ ದನಗಳ ಪ್ರಾಚೀನ ಚಿತ್ರಗಳಿವೆ. ನವಶಿಲಾಯುಗದ ಪಶುಪಾಲನೆ ನೋಟ್ಸಿಗಿಂತ ಅಲ್ಲಿ ಚೆನ್ನಾಗಿ ತಿಳಿದೀತು.

ಹಾಡು, ನಾಟಕದವರ ಕಷ್ಟ ಬೇರೆ. ತಾಲೀಮು ಸಂಜೆಗಳನ್ನೇ ನುಂಗುತ್ತದೆ. ಅವರು ಬೆಳಗಿನ ಓದು ಬಿಡಬಾರದು. ಪರೀಕ್ಷೆಗೆ ತಿಂಗಳಿರುವಾಗ ಕುಂಚ, ಗೆಜ್ಜೆ ಪೆಟ್ಟಿಗೆ ಸೇರಲಿ. ಮುಗಿದ ಮರುದಿನ ತಂದೆಯೇ ತೆಗೆದುಕೊಡಲಿ.