ಸರ್ಕಾರವೇ ಗಿರಾಕಿ ಆದಾಗ

ಹುಣಸೂರು, ಪಿರಿಯಾಪಟ್ಟಣದ ಕಡೆಯವರಿಗೆ ಹರಾಜು ಅಂದ್ರೇನು ಅಂತ ಯಾರೂ ಹೇಳಿಕೊಡಬೇಕಾಗಿಲ್ಲ. ಬ್ಯಾರನ್‌ನಲ್ಲಿ ಬೇಯಿಸಿದ ಹೊಗೆಸೊಪ್ಪನ್ನು ಬೇಲ್ ಕಟ್ಟಿ, ತಂಬಾಕು ಮಂಡಳಿಯ ಹರಾಜು ಮಾರುಕಟ್ಟೆಗೆ ತಗೊಂಡು ಹೋಗಿ, ಕಂಪನಿಯವರು ಒಂದೊಂದು ರೂಪಾಯಿ ಏರಿಸೋದನ್ನ ಉಸಿರು ಬಿಗಿಹಿಡಿದು ನೋಡಿದ ಮನೆಗಳು ನಮ್ಮವು. ಅಲ್ಲಿ ಮಾರುವವನು ಸುಮ್ಮನೆ ನಿಂತಿರ್ತಾನೆ, ಕೊಳ್ಳುವವರು ಮೇಲೆ ಮೇಲೆ ಹೋಗ್ತಾರೆ.

ಕೇಂದ್ರ ಸರ್ಕಾರಕ್ಕೆ ಏನಾದ್ರೂ ಮಾರಲು ಹೊರಟರೆ ಇದೇ ಹರಾಜು ತಲೆಕೆಳಗಾಗುತ್ತೆ. ಕೊಳ್ಳುವವರು ಸುಮ್ಮನೆ ಕೂತಿರ್ತಾರೆ, ಮಾರುವವರು ಒಬ್ಬರಿಗಿಂತ ಒಬ್ಬರು ಇಳೀತಾ ಹೋಗ್ತಾರೆ. ಅದಕ್ಕೆ ರಿವರ್ಸ್ ಆಕ್ಷನ್ ಅಂತ ಹೆಸರು. ಇದನ್ನ ನಮ್ಮ ಭಾವ ಕಲಿತದ್ದು ಸ್ವಲ್ಪ ದುಬಾರಿ ಫೀಸು ಕೊಟ್ಟು.

ಭಾವನದ್ದು ಹುಣಸೂರಿನಲ್ಲಿ ಮರದ ಕೆಲಸದ ಶೆಡ್ಡು. ಬಾಗಿಲು, ಕಿಟಕಿ, ಮಂಚ, ಶಾಲೆಗೆ ಡೆಸ್ಕು. ಆಳು ನಾಲ್ಕು ಜನ. ಲೆಕ್ಕ ಬರೆಯೋದು, ಬಿಲ್ಲು ಮಾಡೋದು, ಸಾಲ ವಸೂಲಿ ಎಲ್ಲಾ ನಮ್ಮಕ್ಕನ ಜವಾಬ್ದಾರಿ. ಎರಡು ವರ್ಷದ ಹಿಂದೆ ಯಾರೋ ಸ್ನೇಹಿತರು ಹೇಳಿದ್ರು, "ಜೆಮ್‌ನಲ್ಲಿ ಹಾಕಿ ಭಾವ, ಸರ್ಕಾರದ ದುಡ್ಡು ಮುಳುಗಲ್ಲ" ಅಂತ. ಮುಳುಗಲ್ಲ ಅನ್ನೋದು ನಿಜ. ತೇಲಿ ಬರೋಕೆ ಎಷ್ಟು ದಿನ ಬೇಕು ಅನ್ನೋದು ಬೇರೆ ಪ್ರಶ್ನೆ.

ಜೆಮ್ ಅಂದ್ರೆ ಗವರ್ನಮೆಂಟ್ ಇ-ಮಾರ್ಕೆಟ್‌ಪ್ಲೇಸ್. 2016ರ ಆಗಸ್ಟ್ 9ರಂದು ಶುರುವಾಯ್ತು. ಅದಕ್ಕೂ ಮುಂಚೆ ಕೇಂದ್ರದ ಖರೀದಿ ನೋಡಿಕೊಳ್ತಿದ್ದ ಹಳೇ ಇಲಾಖೆಯನ್ನ 2017ರಲ್ಲಿ ಮುಚ್ಚಿದ್ರು. ಈಗ ಕೇಂದ್ರದ ಕಚೇರಿ, ಸಂಸ್ಥೆ, ಸಾರ್ವಜನಿಕ ಉದ್ಯಮಗಳು ಕುರ್ಚಿಯಿಂದ ಹಿಡಿದು ಕಾರು ಬಾಡಿಗೆವರೆಗೆ ಅಲ್ಲಿಂದಲೇ ಕೊಳ್ಳಬೇಕು. 2023-24ರಲ್ಲಿ ಅಲ್ಲಿ ನಡೆದ ವ್ಯಾಪಾರ 4 ಲಕ್ಷ ಕೋಟಿ ರೂಪಾಯಿ ದಾಟಿತು. ಈ ನಾಲ್ಕು ತಾಲ್ಲೂಕಿಗೆ ದೆಹಲಿ ದೂರ ಇರಬಹುದು, ಕೇಂದ್ರ ಸರ್ಕಾರ ದೂರ ಇಲ್ಲ. ಮೈಸೂರಿನಲ್ಲೇ ಸಿಎಫ್‌ಟಿಆರ್‌ಐ, ವಾಕ್ ಶ್ರವಣ ಸಂಸ್ಥೆ, ಭಾರತೀಯ ಭಾಷಾ ಸಂಸ್ಥಾನ, ರೈಲ್ವೆ ವರ್ಕ್‌ಶಾಪ್, ಬೆಮೆಲ್ ಇವೆ. ಇವರಿಗೆಲ್ಲ ಮೇಜು ಬೇಕು, ಪರದೆ ಬೇಕು, ಕಸ ಗುಡಿಸುವವರು ಬೇಕು, ಕಾರು ಬೇಕು.

ಇಲ್ಲೊಂದು ಗೊಂದಲ ಬಗೆಹರಿಸಿಬಿಡ್ತೀನಿ, ಯಾಕಂದ್ರೆ ಇನ್‌ಬಾಕ್ಸಿಗೆ ಬರೋ ಪ್ರಶ್ನೆಗಳಲ್ಲಿ ಅರ್ಧ ಇದೇ. ತಾಲ್ಲೂಕು ಕಚೇರಿ, ಜಿಲ್ಲಾ ಪಂಚಾಯಿತಿ, ಸಮಾಜ ಕಲ್ಯಾಣ ಇಲಾಖೆ ಹಾಸ್ಟೆಲ್ಲು ರಾಜ್ಯದ್ದು. ಅವರ ಟೆಂಡರು 1999ರ ಕೆಟಿಪಿಪಿ ಕಾಯ್ದೆ ಪ್ರಕಾರ, ರಾಜ್ಯದ್ದೇ ಆದ ಕೆಪಿಪಿಪಿ ಪೋರ್ಟಲ್‌ನಲ್ಲಿ ಬರುತ್ತೆ. ಜೆಮ್‌ನಲ್ಲಿ ಹೆಸರು ಹಾಕಿಕೊಂಡು ಎಚ್.ಡಿ. ಕೋಟೆ ಹಾಸ್ಟೆಲ್ಲಿನ ಟೆಂಡರು ಹುಡುಕಿದ್ರೆ ಸಿಗಲ್ಲ. ಎರಡು ಬೇರೆ ಬೇರೆ ಸಂತೆ.

ಸರ್ಕಾರಕ್ಕೆ ಮಾರೋದು ಹುಣಸೂರಿಗೆ ಹೊಸದಲ್ಲ ಅನ್ನೋದು ನನಗೆ ತಡವಾಗಿ ಗೊತ್ತಾದ ಸಂಗತಿ. ಅಮೃತ್ ಮಹಲ್ ದನಗಳ ದೊಡ್ಡ ಕೇಂದ್ರ ಇಲ್ಲಿತ್ತು. 19ನೇ ಶತಮಾನದಲ್ಲಿ ಬ್ರಿಟಿಷ್ ಸೈನ್ಯಕ್ಕೆ ಬೇಕಾದ ಚರ್ಮದ ಸಾಮಾನು, ಕಂಬಳಿ, ಗಾಡಿ ಇದೇ ಊರಲ್ಲಿ ತಯಾರಾಗ್ತಿತ್ತು. 1860ರ ದಶಕದಲ್ಲಿ ಸರ್ಕಾರ ಆ ಕಾರ್ಖಾನೆಗಳನ್ನ ಮುಚ್ಚಿತು. ಗಿರಾಕಿ ಹೋದ, ಕಸುಬು ಕಲಿತವರು ಊರಲ್ಲೇ ಉಳಿದು ಊರಿನವರಿಗೇ ಮಾಡಿಕೊಡೋಕೆ ಶುರು ಮಾಡಿದ್ರು. ಹತ್ತಿರದ ಇನ್ನೊಂದು ಉದಾಹರಣೆ ಹುಬ್ಬಳ್ಳಿಯ ಬೆಂಗೇರಿ ಖಾದಿ ಸಂಘದ್ದು. ರಾಷ್ಟ್ರಧ್ವಜ ಅಂದ್ರೆ ಅವರೇ ಅನ್ನೋ ಹಾಗಿತ್ತು. 2021ರ ಡಿಸೆಂಬರ್ ಕೊನೆಗೆ ಧ್ವಜ ಸಂಹಿತೆ ತಿದ್ದಿ, ಪಾಲಿಯೆಸ್ಟರ್ ಬಟ್ಟೆಗೂ ಯಂತ್ರದಲ್ಲಿ ಮಾಡಿದ್ದಕ್ಕೂ ಒಪ್ಪಿಗೆ ಕೊಟ್ಟ ಮೇಲೆ ಅಲ್ಲಿನ ಹೆಣ್ಣುಮಕ್ಕಳ ಕೈಗೆ ಕೆಲಸ ಕಮ್ಮಿ ಆಯ್ತು. ಒಂದು ಸಾಲಿನ ತಿದ್ದುಪಡಿ ಸಾಕು.

ಸರಿ, ಭಾವನ ಕಥೆಗೆ ಬರೋಣ.

ಮೊದಲು ಉದ್ಯಮ್ ನೋಂದಣಿ. 2020ರ ಜುಲೈ 1ರಿಂದ ಸಣ್ಣ ಕೈಗಾರಿಕೆಗಳಿಗೆ ಇದೇ ಗುರುತಿನ ಚೀಟಿ. ಆಧಾರ್, ಪ್ಯಾನ್ ಇದ್ರೆ ಸಾಕು, ಒಂದು ಪೈಸೆ ಖರ್ಚಿಲ್ಲ. ಭಾವ ಇದಕ್ಕೆ 2,500 ರೂಪಾಯಿ ಕೊಟ್ಟಿದ್ರು! ಗೂಗಲ್ಲಲ್ಲಿ ಹುಡುಕಿದಾಗ ಮೇಲೆ ಬಂದ, ಸರ್ಕಾರಿ ತಾಣದ ಹಾಗೇ ಕಾಣೋ ಖಾಸಗಿ ತಾಣಕ್ಕೆ. ನಿಜವಾದ ತಾಣದ ವಿಳಾಸ ಗವ್ ಡಾಟ್ ಇನ್ ಅಂತ ಮುಗಿಯುತ್ತೆ. ಅಷ್ಟು ನೋಡಿಕೊಂಡ್ರೆ ಆ ದುಡ್ಡಲ್ಲಿ ಮಕ್ಕಳಿಗೆ ಬಟ್ಟೆ ತರಬಹುದು.

ಇನ್ನೊಂದು ತಪ್ಪು ಯಾರ ಕಣ್ಣಿಗೂ ಬೀಳಲಿಲ್ಲ. ಕೇಂದ್ರದ 2012ರ ಖರೀದಿ ನೀತಿ ಪ್ರಕಾರ, ಸಚಿವಾಲಯಗಳೂ ಸಾರ್ವಜನಿಕ ಉದ್ಯಮಗಳೂ ತಮ್ಮ ವಾರ್ಷಿಕ ಖರೀದಿಯಲ್ಲಿ ಶೇ. 25ರಷ್ಟನ್ನ ಅತಿ ಸಣ್ಣ ಮತ್ತು ಸಣ್ಣ ಉದ್ಯಮಗಳಿಂದ ಮಾಡಬೇಕು. ಮೊದಲು ಇದು ಶೇ. 20 ಇತ್ತು, 2018ರಲ್ಲಿ ಏರಿಸಿದ್ರು. ಆ 25ರೊಳಗೆ ಶೇ. 4 ಪರಿಶಿಷ್ಟ ಜಾತಿ, ಪಂಗಡದವರ ಉದ್ಯಮಗಳಿಗೆ, ಶೇ. 3 ಮಹಿಳೆಯರ ಉದ್ಯಮಗಳಿಗೆ. ಶೆಡ್ಡಿನ ಅರ್ಧ ಬಂಡವಾಳ ಅಕ್ಕನ ಒಡವೆಯದ್ದು, ವ್ಯವಹಾರ ಪೂರ್ತಿ ಅಕ್ಕನದ್ದು, ಅರ್ಜಿಯಲ್ಲಿ ಮಾಲೀಕರು ಮಾತ್ರ ಭಾವ. "ನನ್ನ ಹೆಸರು ಹಾಕಬಹುದಿತ್ತಾ?" ಅಂತ ಅಕ್ಕ ಕೇಳಿದ್ದು ಒಂದು ವರ್ಷ ಆದ ಮೇಲೆ. ರಿಯಾಯಿತಿಗೋಸ್ಕರ ಹೆಂಡತಿ ಹೆಸರು ಬಳಸೋರ ಬಗ್ಗೆ ನನಗೆ ಗೌರವ ಇಲ್ಲ. ದುಡಿಯೋಳ ಹೆಸರನ್ನೇ ಮರೆಯೋದು ಅದಕ್ಕಿಂತ ಸಾಮಾನ್ಯ.

ಈ ನೀತಿಯಲ್ಲಿ ಬಹಳ ಜನಕ್ಕೆ ಗೊತ್ತಿಲ್ಲದ ಇನ್ನೊಂದು ಅನುಕೂಲ ಇದೆ. ದೊಡ್ಡ ಕಂಪನಿ 100 ರೂಪಾಯಿ ಬರೆದು ಎಲ್ಲರಿಗಿಂತ ಕಡಿಮೆ ಅಂತ ಗೆದ್ದಿತು ಅಂದುಕೊಳ್ಳಿ. ನೀವು 115ರ ಒಳಗೆ ಬರೆದಿದ್ರೆ, ಆ 100ಕ್ಕೇ ಇಳಿಯಲು ಒಪ್ಪಿದ್ರೆ, ಆರ್ಡರಿನ ಕಾಲು ಭಾಗ ನಿಮಗೆ ಕೊಡೋಕೆ ಅವಕಾಶ ಇದೆ. ಸಣ್ಣವರು ಮುಂಗಡ ಠೇವಣಿ ಕಟ್ಟಬೇಕಾಗಿಲ್ಲ. 358 ಬಗೆಯ ವಸ್ತುಗಳನ್ನ ಸಣ್ಣವರಿಂದಲೇ ಕೊಳ್ಳಬೇಕು ಅಂತ ಮೀಸಲಿಟ್ಟಿದ್ದಾರೆ. ಆದ್ರೆ ಇದೆಲ್ಲ ತಯಾರಿಸುವವರಿಗೆ, ಸೇವೆ ಕೊಡುವವರಿಗೆ. ತಂದು ಮಾರುವ ವ್ಯಾಪಾರಿಗೆ ಉದ್ಯಮ್ ಚೀಟಿ ಸಿಗುತ್ತೆ, ಈ ಖರೀದಿ ರಿಯಾಯಿತಿ ಸಿಗಲ್ಲ. ಇನ್ನು, ಗೆದ್ದ ಮೇಲೆ ಕೇಳೋ ಕಾರ್ಯಕ್ಷಮತೆ ಗ್ಯಾರಂಟಿಗೂ ಮಾಫಿ ಇಲ್ಲ. ಟೆಂಡರಿನಲ್ಲಿ ಕೇಳಿದ್ರೆ ಆರ್ಡರ್ ಮೊತ್ತದ ಒಂದಿಷ್ಟು ಪಾಲು ಬ್ಯಾಂಕಿನಲ್ಲಿ ಕಟ್ಟಿಹಾಕಿಕೊಂಡಿರಬೇಕು.

ಭಾವನಿಗೆ ಮೊದಲ ಆರ್ಡರ್ ಬಂತು. ಕೇಂದ್ರದ ಒಂದು ಸಂಸ್ಥೆಯಿಂದ, ಹೆಸರು ಬೇಡ. ಮೇಜುಗಳು, ಒಟ್ಟು 2,40,000 ರೂಪಾಯಿ. ಕೊನೇ ಘಳಿಗೆಯಲ್ಲಿ ಇಳಿಸಿ ಇಳಿಸಿ ಗೆದ್ದಿದ್ರು. ಮನೆಯಲ್ಲಿ ಹೋಳಿಗೆ ಮಾಡಿದ್ರು. ಆಮೇಲೆ ಆರ್ಡರ್ ಪೂರ್ತಿ ಓದಿದ್ರು.

ಸಂಸ್ಥೆಯ ಕಚೇರಿ ಹತ್ತಿರವೇ. ಮಾಲು ತಲುಪಬೇಕಾದದ್ದು ಅವರ ಇನ್ನೊಂದು ಕೇಂದ್ರಕ್ಕೆ, ನಾನೂರು ಕಿಲೋಮೀಟರ್ ಆಚೆ. ಜೆಮ್‌ನಲ್ಲಿ ನೀವು ಬರೆಯೋ ಬೆಲೆ ತೆರಿಗೆ, ಸಾಗಣೆ, ಇಳಿಸೋ ಕೂಲಿ ಎಲ್ಲಾ ಸೇರಿದ ಬೆಲೆ. ಮಾಲು ಪಡೆಯೋರ ಪಿನ್‌ಕೋಡ್ ಟೆಂಡರಿನಲ್ಲೇ ಇರುತ್ತೆ, ಭಾವ ನೋಡಿರಲಿಲ್ಲ. ಲಾರಿ ಬಾಡಿಗೆ 28,000. ಲಾಭದ ಲೆಕ್ಕ ಅಲ್ಲಿಗೆ ಮುಗೀತು. ಬಿಟ್ಟುಬಿಡೋಣ ಅಂದ್ರೆ, ಗೆದ್ದು ಸರಬರಾಜು ಮಾಡದಿದ್ರೆ ಖಾತೆ ಅಮಾನತು ಆಗಬಹುದು. ಕಳಿಸಿದ್ರು.

ಮಾಲು ಮುಟ್ಟಿದ ಮೇಲೆ ಪಡೆದವರು ಹತ್ತು ದಿನದಲ್ಲಿ ಪರೀಕ್ಷೆ ಮಾಡಿ ಸ್ವೀಕೃತಿ ಪತ್ರ ಕೊಡಬೇಕು, ಆಮೇಲೆ ಹತ್ತು ದಿನದಲ್ಲಿ ದುಡ್ಡು ಬರಬೇಕು ಅನ್ನೋದು ಜೆಮ್ ನಿಯಮ. ಭಾವನ ಪತ್ರಕ್ಕೆ ಸಹಿ ಹಾಕಬೇಕಾದ ಅಧಿಕಾರಿ ವರ್ಗ ಆದ್ರು. ಬಂದ ಹೊಸಬರು "ನಾನು ನೋಡಿಲ್ಲ, ನಾನು ಸಹಿ ಹಾಕಲ್ಲ" ಅಂದ್ರು. ಒಂದು ತಿಂಗಳು, ಎರಡು ತಿಂಗಳು. ಇತ್ತ ಜಿಎಸ್‌ಟಿ ಕಾಯಲ್ಲ. ಬಿಲ್ಲು ಹಾಕಿದ ಮುಂದಿನ ತಿಂಗಳೇ ಕಟ್ಟಬೇಕು, ದುಡ್ಡು ಬಂದಿರಲಿ ಬಿಡಲಿ. ಮರಕ್ಕೆ ಕಟ್ಟಿದ್ದನ್ನ ಕಳೆದು 20 ಸಾವಿರ ಚಿಲ್ಲರೆ ಕೈಯಿಂದ ಹೋಯ್ತು. ಆಳುಗಳ ಕೂಲಿ ಶನಿವಾರ ಶನಿವಾರ. ಅಕ್ಕ ಬಳೆ ಅಡ ಇಟ್ಟು ನನಗೆ ಫೋನ್ ಮಾಡಿದ್ದು ಆಗ. "ನೀನು ಇದರ ಬಗ್ಗೆಯೇ ಬರೀತೀಯಲ್ಲ, ಏನಾದ್ರೂ ಹೇಳು" ಅಂದಳು. ಇಂಥದ್ದರ ಬಗ್ಗೆ ಅಂಕಣ ಬರೆಯೋನ ಅಕ್ಕನ ಮನೆಯಲ್ಲೇ ಹೀಗೆ ಆಗಿತ್ತು. ನಾನು ಆ ಆರ್ಡರನ್ನ ಒಮ್ಮೆಯೂ ನೋಡಿರಲಿಲ್ಲ.

2006ರ ಎಂಎಸ್‌ಎಂಇ ಕಾಯ್ದೆ ಈ ವಿಷಯದಲ್ಲಿ ಗಟ್ಟಿ ಇದೆ. ಸಣ್ಣ ಉದ್ಯಮದಿಂದ ಮಾಲು ಕೊಂಡವರು, ಸರ್ಕಾರವೇ ಆಗಿರಲಿ, ಮಾಲು ಒಪ್ಪಿಕೊಂಡ 45 ದಿನದೊಳಗೆ ದುಡ್ಡು ಕೊಡಬೇಕು. ಮಾಲು ಮುಟ್ಟಿ 15 ದಿನದೊಳಗೆ ಲಿಖಿತವಾಗಿ ತಕರಾರು ಮಾಡದಿದ್ರೆ ಮುಟ್ಟಿದ ದಿನವೇ ಒಪ್ಪಿಕೊಂಡ ದಿನ. ಹೊಸ ಅಧಿಕಾರಿಯ "ನಾನು ನೋಡಿಲ್ಲ" ಅನ್ನೋದಕ್ಕೆ ಉತ್ತರ ಇಲ್ಲೇ ಇತ್ತು. ತಡವಾದ್ರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು ಬಡ್ಡಿ, ಅದೂ ತಿಂಗಳ ಚಕ್ರಬಡ್ಡಿ. ಆಗ ಬ್ಯಾಂಕ್ ದರ ಶೇ. 6.75, ಮೂರು ಪಟ್ಟು ಅಂದ್ರೆ ಶೇ. 20.25. ಗಡುವು ಮುಗಿದು ಐದು ತಿಂಗಳು ಆದಾಗ ಅಕ್ಕ ಲೆಕ್ಕ ಹಾಕಿದ್ರೆ ಹತ್ತಿರ ಹತ್ತಿರ 21,000 ರೂಪಾಯಿ ಬಡ್ಡಿ. ಒಂದೇ ಷರತ್ತು, ಉದ್ಯಮ್ ನೋಂದಣಿ ಆರ್ಡರಿಗೆ ಮೊದಲೇ ಆಗಿರಬೇಕು. ದುಡ್ಡು ಸಿಕ್ಕಿಹಾಕಿಕೊಂಡ ಮೇಲೆ ಹೋಗಿ ಮಾಡಿಸಿದ್ರೆ ಹಳೇ ಬಾಕಿಗೆ ಅನ್ವಯ ಆಗಲ್ಲ.

ದೂರು ಕೊಡೋಕೆ 2017ರಲ್ಲಿ ಶುರುವಾದ ಸಮಾಧಾನ್ ಅನ್ನೋ ಪೋರ್ಟಲ್ ಆಗ ಇತ್ತು, ಅಲ್ಲಿಂದ ರಾಜ್ಯದ ಫೆಸಿಲಿಟೇಷನ್ ಕೌನ್ಸಿಲಿಗೆ ಹೋಗ್ತಿತ್ತು. ಭಾವ ಒಪ್ಪಲಿಲ್ಲ. "ಕೇಸು ಹಾಕಿದವನಿಗೆ ಮುಂದೆ ಯಾರು ಆರ್ಡರ್ ಕೊಡ್ತಾರೆ ಕಣಪ್ಪ" ಅಂದ್ರು. ಈ ಭಯ ಸುಳ್ಳು ಅಂತ ನಾನು ಹೇಳಲಾರೆ. ಕಾಯ್ದೆ ಎಷ್ಟು ಗಟ್ಟಿ ಇದ್ರೂ ಅದನ್ನ ಬಳಸೋಕೆ ಸಣ್ಣವನು ಹಿಂಜರಿಯೋದು ಇದಕ್ಕೇ. ಕೊನೆಗೆ ನಡುವಿನ ದಾರಿ ಹಿಡಿದ್ವಿ. ಒಂದು ಪುಟದ ಪತ್ರ. ಆರ್ಡರ್ ಸಂಖ್ಯೆ, ಮಾಲು ಮುಟ್ಟಿದ ದಿನ, ಲಾರಿ ರಸೀದಿ, ಕಾಯ್ದೆಯ 15 ಮತ್ತು 16ನೇ ಕಲಮು, ಇವತ್ತಿನವರೆಗಿನ ಬಡ್ಡಿ. ಕೆಳಗೆ ಒಂದೇ ಸಾಲು: ಹದಿನೈದು ದಿನ ಕಾದು ಸಮಾಧಾನ್‌ನಲ್ಲಿ ದೂರು ಕೊಡ್ತೇವೆ. ರಿಜಿಸ್ಟರ್ಡ್ ಪೋಸ್ಟ್, ಇಮೇಲ್ ಎರಡೂ, ಸಂಸ್ಥೆಯ ಲೆಕ್ಕಾಧಿಕಾರಿಗೂ ಒಂದು ಪ್ರತಿ. ಮೂರು ವಾರಕ್ಕೆ ಅಸಲು ಬಂತು. ಬಡ್ಡಿ ಬರಲಿಲ್ಲ, ಭಾವ ಕೇಳಲೂ ಇಲ್ಲ. ಕೇಳಬೇಕಿತ್ತು ಅಂತ ಅಕ್ಕ ಈಗಲೂ ಅಂತಾಳೆ, ನಾನು ಅಕ್ಕನ ಕಡೆ.

ಹಾಗಾದ್ರೆ ಹೋಗಬೇಕಾ, ಬೇಡ್ವಾ? ಮೂರು ತಿಂಗಳು ಒಂದು ರೂಪಾಯಿ ಬರದಿದ್ರೂ ಕೂಲಿ ಕೊಡೋ ಶಕ್ತಿ ಇಲ್ಲ ಅಂದ್ರೆ ಈಗಲೇ ಬೇಡ. ಇದ್ರೆ ಸಣ್ಣದರಿಂದ ಶುರು ಮಾಡಿ. 10 ಲಕ್ಷದವರೆಗಿನ ಆರ್ಡರಿಗೆ ಮಾರುವವರಿಂದ ವಹಿವಾಟು ಶುಲ್ಕ ಪಡೆಯಲ್ಲ ಅಂತ 2024ರಲ್ಲಿ ಜೆಮ್ ಬದಲಾಯಿಸಿದೆ. ಸಣ್ಣ ಮೊತ್ತವನ್ನ ಕಚೇರಿಗಳು ಹರಾಜಿಲ್ಲದೆ ನೇರವಾಗಿ ಕೊಳ್ಳಬಹುದು. ಆ ಮಿತಿ ಆಗಾಗ ಬದಲಾಗುತ್ತೆ, ನೋಡಿಕೊಳ್ಳಿ. ನೇರ ಖರೀದಿಯಲ್ಲಿ ಇಳಿಸೋ ಹುಚ್ಚು ಹತ್ತಲ್ಲ.

ಮಾಲೇ ಆಗಬೇಕು ಅಂತಿಲ್ಲ. ಕೆ.ಆರ್. ನಗರದಲ್ಲಿ ಹಳದಿ ಬೋರ್ಡಿನ ಕಾರು ಇಟ್ಟುಕೊಂಡು ಮದುವೆ ಸೀಸನ್ನಿಗೆ ಕಾಯ್ತಿರೋ ಹುಡುಗರಿಗೆ, ತಿಂಗಳ ಬಾಡಿಗೆಗೆ ಕಾರು ಕೇಳೋ ಟೆಂಡರುಗಳನ್ನ ಒಮ್ಮೆ ನೋಡಿ ಅಂತೀನಿ. ಕಿಲೋಮೀಟರ್ ಮಿತಿ, ಡೀಸೆಲ್ ದರ ಏರಿದ್ರೆ ಯಾರ ತಲೆ ಮೇಲೆ ಅನ್ನೋದನ್ನ ಎರಡು ಸಲ ಓದಿ. ಎಚ್.ಡಿ. ಕೋಟೆ ಹಾಡಿಗಳ ಜೇನು, ಕಾಡಿನ ಉತ್ಪನ್ನ ಮಾಡೋ ಸಂಘಗಳಿಗೆ ಬುಡಕಟ್ಟು ವ್ಯವಹಾರ ಸಚಿವಾಲಯದ ಟ್ರೈಫೆಡ್ ಅನ್ನೋ ಬೇರೆ ಬಾಗಿಲೇ ಇದೆ. ಮಹಿಳೆಯರ ಉದ್ಯಮಗಳಿಗೆ ಜೆಮ್‌ನಲ್ಲೇ 2019ರಿಂದ ವುಮನಿಯಾ ಅನ್ನೋ ವಿಭಾಗ ಇದೆ. ಬೆಂಗಳೂರಲ್ಲಿ ಕೂತು ಇದನ್ನ ಓದ್ತಿರೋ ನಿಮ್ಮಿಂದ ಆಗೋದು ಇಷ್ಟು: ಊರಿನ ಅಪ್ಪನಿಗೋ ಚಿಕ್ಕಮ್ಮನಿಗೋ ಟೆಂಡರಿನ ಇಂಗ್ಲಿಷ್ ಪಿಡಿಎಫ್ ಓದಿ ಹೇಳೋದು. ಅದರಲ್ಲೂ ಕೊನೆಯಲ್ಲಿ "ಹೆಚ್ಚುವರಿ ಷರತ್ತು" ಅಂತ ಬರೋ ಪುಟಗಳನ್ನ. ಬೇಡಿಕೆ, ಗ್ಯಾರಂಟಿ, ದಂಡ ಎಲ್ಲಾ ಅಲ್ಲೇ ಅಡಗಿರುತ್ತೆ.

ಭಾವ ಬಿಟ್ಟಿಲ್ಲ. ಈಗ ಇಳಿಸುವ ಮೊದಲೇ ಅಕ್ಕ ಒಂದು ಚೀಟಿಯಲ್ಲಿ ಕೊನೇ ಬೆಲೆ ಬರೆದು ಮೇಜಿನ ಮೇಲೆ ಇಡ್ತಾಳೆ, ಅದರ ಕೆಳಗೆ ಹೋಗೋ ಹಾಗಿಲ್ಲ. ಹೋದ ವಾರ ಒಂದು ಒಳ್ಳೇ ಟೆಂಡರು ಬಂದಿತ್ತಂತೆ. ಭಾವ ಉತ್ಸಾಹದಲ್ಲಿ ಫೋನ್ ಮಾಡಿದ್ರು. ಹಿಂದಿನಿಂದ ಅಕ್ಕನ ದನಿ ಕೇಳಿಸ್ತು, "ಪಿನ್‌ಕೋಡ್ ಕೇಳ್ರೀ ಮೊದಲು." ನೋಡಿದ್ರೆ ಅಸ್ಸಾಂ.

(ಬಾಕಿ ಬಿಲ್ಲನ್ನೇ ಅಡ ಇಟ್ಟು ದುಡ್ಡು ಪಡೆಯೋ ಟ್ರೆಡ್ಸ್ ವ್ಯವಸ್ಥೆ ಬಗ್ಗೆ ಮೂವರು ಕೇಳಿದ್ದೀರಿ. ಮುಂದಿನ ಕಂತಿನಲ್ಲಿ ಬರೀತೀನಿ.)