ಜಲಯಾನದ ಮೊದಲ ಸೌಕರ್ಯ ಯಾವುದು?

ಡಿಸೆಂಬರ್ ಅಥವಾ ಮೇ ತಿಂಗಳ ರಜೆ ಬಂತೆಂದರೆ ಮುಂಬಯಿವಾಸಿ ಕನ್ನಡಿಗರ ಮನೆಗಳಲ್ಲಿ ಊರಿನಿಂದ ಬಂದ ನೆಂಟರ ಸಂಭ್ರಮ. ಅವರನ್ನು ಗೇಟ್‌ವೇ ಆಫ್ ಇಂಡಿಯಾಕ್ಕೆ ಕರೆದೊಯ್ದು, ಅಲ್ಲಿಂದ ದೋಣಿಯಲ್ಲಿ ಎಲಿಫೆಂಟಾ ಗುಹೆಗಳನ್ನು ತೋರಿಸಿ ತರುವುದು ನಮ್ಮ ಆತಿಥ್ಯದ ಒಂದು ಅಂಗವೇ ಆಗಿಬಿಟ್ಟಿದೆ. ಸುಮಾರು ಒಂದು ತಾಸಿನ ಆ ಪ್ರಯಾಣಕ್ಕೆ ಹೊರಡುವಾಗ ನಾವು ಕೇಳುವ ಪ್ರಶ್ನೆಗಳು ಸಾಮಾನ್ಯವಾಗಿ ಮೂರು. ಟಿಕೇಟಿನ ದರ ಎಷ್ಟು? ಮೇಲಿನ ಅಂತಸ್ತಿನಲ್ಲಿ ಜಾಗ ಸಿಗುವುದೇ? ಕುಡಿಯಲು, ತಿನ್ನಲು ಏನಾದರೂ ದೊರೆಯುವುದೇ? ಈ ದೋಣಿಯಲ್ಲಿ ಎಷ್ಟು ಮಂದಿಗೆ ಅನುಮತಿಯಿದೆ, ಮಗುವಿನ ಮೈಗೊಪ್ಪುವ ಲೈಫ್ ಜಾಕೆಟ್ ಇದೆಯೇ ಎಂದು ಕೇಳಿದವರು ನಮ್ಮಲ್ಲಿ ವಿರಳ.

2024ರ ಡಿಸೆಂಬರ್ 18ರ ಸಂಜೆ ಆ ಕೇಳದ ಪ್ರಶ್ನೆಗಳೇ ನಮ್ಮೆದುರು ಬಂದು ನಿಂತವು. ಗೇಟ್‌ವೇಯಿಂದ ಎಲಿಫೆಂಟಾದತ್ತ ಹೊರಟಿದ್ದ 'ನೀಲ್‌ಕಮಲ್' ದೋಣಿಗೆ ನೌಕಾಪಡೆಯ ವೇಗದ ದೋಣಿಯೊಂದು ಅಪ್ಪಳಿಸಿತು. ಹೊಸ ಎಂಜಿನ್ನಿನ ಪರೀಕ್ಷೆಯಲ್ಲಿದ್ದ ಆ ದೋಣಿ ಹತೋಟಿ ತಪ್ಪಿತೆಂದು ನೌಕಾಪಡೆ ತಿಳಿಸಿತು. ಒಟ್ಟು 15 ಜೀವಗಳು ಹೋದವು. ಪ್ರಯಾಣಿಕರ ದೋಣಿಯಲ್ಲಿ ನೂರಕ್ಕೂ ಹೆಚ್ಚು ಮಂದಿಯಿದ್ದರು; ಅನುಮತಿಯಿದ್ದುದು ಅದಕ್ಕಿಂತ ಕಡಿಮೆ ಮಂದಿಗೆ. ತಾವು ಲೈಫ್ ಜಾಕೆಟ್ ಧರಿಸಿರಲಿಲ್ಲವೆಂದು ಬದುಕುಳಿದ ಅನೇಕರು ಹೇಳಿದರು. ಡಿಕ್ಕಿಯಲ್ಲಿ ಪ್ರಯಾಣಿಕರ ತಪ್ಪೇನೂ ಇರಲಿಲ್ಲ, ನಿಜ. ಆದರೆ ನೀರಿಗೆ ಬಿದ್ದ ಮೇಲಿನ ಕೆಲವು ನಿಮಿಷಗಳ ಅಳಿವು ಉಳಿವು ದೋಣಿ ಹೊರಡುವ ಮುನ್ನ ಆದ ಅಥವಾ ಆಗದ ಸಿದ್ಧತೆಯ ಮೇಲೆ ನಿಂತಿರುತ್ತದೆ. ಈ ದುರಂತದ ಬಳಿಕವೇ ಗೇಟ್‌ವೇಯ ದೋಣಿಗಳಲ್ಲಿ ಲೈಫ್ ಜಾಕೆಟ್ ಧಾರಣೆಯನ್ನು ಕಡ್ಡಾಯವಾಗಿ ಜಾರಿಗೆ ತರಲು ಹೊರಟದ್ದು ನಮ್ಮ ವ್ಯವಸ್ಥೆಯ ವಿಳಂಬಕ್ಕೆ ಸಾಕ್ಷಿ.

ಜಲಯಾನ ನಮ್ಮವರಿಗೆ ಹೊಸತಲ್ಲ. ಕರಾವಳಿಯ ಹಿರಿಯರಲ್ಲಿ ಎಷ್ಟೋ ಮಂದಿ ಮುಂಬಯಿಯನ್ನು ಮೊದಲು ಕಂಡದ್ದು ಆಗುಬೋಟಿನ ಮೇಲಿನಿಂದ. ಬಂದರಿಗೆ ಹೊಂದಿಕೊಂಡು ಹಡಗು ನಿಲ್ಲಲಾಗದ ಊರುಗಳಲ್ಲಿ ಸಣ್ಣ ದೋಣಿಗಳಲ್ಲಿ ಹೋಗಿ ಹಡಗು ಹತ್ತಬೇಕಿತ್ತು. ಡೆಕ್ಕಿನ ಮೇಲೆ ಚಾಪೆ ಹಾಸಿ, ಮನೆಯಿಂದ ಕಟ್ಟಿ ತಂದ ಬುತ್ತಿಯನ್ನು ಬಿಚ್ಚಿದರೆ ಅದೇ ಊಟ, ಅದೇ ಉಪಚಾರ. ಮಳೆಗಾಲದಲ್ಲಿ ಆ ದಾರಿಯೂ ಮುಚ್ಚುತ್ತಿತ್ತು. ಹೆದ್ದಾರಿ, ಬಸ್ಸುಗಳು ಬಂದಂತೆ ಹಡಗಿನ ನೆನಪು ಮಸುಕಾಯಿತು. 1998ರಲ್ಲಿ ಕೊಂಕಣ ರೈಲು ಪೂರ್ಣಪ್ರಮಾಣದಲ್ಲಿ ಓಡತೊಡಗಿದ ಮೇಲೆ ಊರಿನ ದಾರಿ ಎಂದರೆ ರೈಲಿನ ದಾರಿಯೇ ಆಯಿತು. ಆದರೆ ಆ ಕಾಲದ ಕಹಿಯೂ ಮರೆಯತಕ್ಕದ್ದಲ್ಲ. 1947ರ ಜುಲೈ 17ರಂದು ಮುಂಬಯಿಯಿಂದ ರೇವಸಕ್ಕೆ ಹೊರಟ 'ರಾಮದಾಸ' ಹಡಗು ಮಳೆಗಾಲದ ಅಬ್ಬರದ ಕಡಲಿನಲ್ಲಿ ಮಗುಚಿ ಆರುನೂರಕ್ಕೂ ಹೆಚ್ಚು ಮಂದಿ ಜಲಸಮಾಧಿಯಾದರು. ಸ್ವಾತಂತ್ರ್ಯದ ಸಂಭ್ರಮಕ್ಕೆ ಆಗ ಒಂದು ತಿಂಗಳೂ ಉಳಿದಿರಲಿಲ್ಲ.

ಇಂದು ಅದೇ ರೇವಸದ ನೆರೆಯ ಮಾಂಡವಾಕ್ಕೆ ಹೋಗಿಬರುವುದು ಸುಲಭಸಾಧ್ಯ. ಗೇಟ್‌ವೇಯಿಂದ ಹೊರಡುವ ಕೆಲವು ಸೇವೆಗಳಲ್ಲಿ ಹವಾನಿಯಂತ್ರಿತ ಆಸನಗಳಿವೆ. ಮಾಂಡವಾದಿಂದ ಅಲಿಬಾಗಿಗೆ ಹೋಗುವ ಬಸ್ಸಿನ ದರವೂ ಟಿಕೇಟಿನಲ್ಲೇ ಸೇರಿರುತ್ತದೆ. 2020ರಲ್ಲಿ ಭಾವುಚಾ ಧಕ್ಕಾದಿಂದ ರೋ-ರೋ ಹಡಗು ಆರಂಭವಾಯಿತು. ಕಾರುಗಳು ತಾವೇ ಚಲಿಸಿ ಹಡಗಿನೊಳಗೆ ಸೇರಿ, ಆಚೆ ದಡದಲ್ಲಿ ಹಾಗೆಯೇ ಹೊರಬರುವ ವ್ಯವಸ್ಥೆ ಇದು. ರಸ್ತೆಯಲ್ಲಿ ಸುಮಾರು ನೂರು ಕಿಲೋಮೀಟರ್ ಸುತ್ತಬೇಕಾದ ದಾರಿ ನೀರಿನ ಮೇಲೆ ಸುಮಾರು ಒಂದು ತಾಸಿನಲ್ಲಿ ಮುಗಿಯುತ್ತದೆ. ಒಳಗೆ ತಿಂಡಿ ತಿನಿಸಿನ ಮಳಿಗೆ, ದರಕ್ಕೆ ತಕ್ಕ ಆಸನಗಳ ದರ್ಜೆಗಳು, ಸಾಕುಪ್ರಾಣಿಗಳನ್ನು ಜೊತೆಗೊಯ್ಯಲು ಅವಕಾಶ. ಇವನ್ನೆಲ್ಲ ನಾವು ಸ್ವಾಗತಿಸುತ್ತೇವೆ. ಮಂಡಿನೋವಿನ ಹಿರಿಯರನ್ನು ಕಾರಿನಲ್ಲಿಯೇ ಹಡಗಿನೊಳಕ್ಕೆ ಕರೆದೊಯ್ಯಬಹುದೆಂಬುದು ಸಣ್ಣ ಮಾತಲ್ಲ.

ಹಾಗಾದರೆ ನಮ್ಮ ಆಕ್ಷೇಪವೇನು? ಸೇವೆಯೆಂದರೆ ಮೆತ್ತನೆಯ ಆಸನ, ತಂಪು ಗಾಳಿ, ಬಿಸಿ ಚಹಾ ಎಂದಷ್ಟೇ ತಿಳಿಯುತ್ತಿದ್ದೇವೆ ಎಂಬುದು. ಹಡಗಿನ ಮೊದಲ ಸೇವೆ ತಲೆ ಎಣಿಸುವುದು. ಎರಡನೆಯದು ಪ್ರತಿಯೊಬ್ಬನ ಕೈಗೂ ಲೈಫ್ ಜಾಕೆಟ್ ಕೊಟ್ಟು ತೊಡುವ ವಿಧಾನ ತಿಳಿಸುವುದು. ಮೂರನೆಯದು ಎಡವದೆ ಹತ್ತಿ ಇಳಿಯುವ ವ್ಯವಸ್ಥೆ. ಗೇಟ್‌ವೇಯಲ್ಲಿ ಒಂದು ದೋಣಿಯಿಂದ ಇನ್ನೊಂದಕ್ಕೆ ಕಾಲಿಟ್ಟು, ಅಪರಿಚಿತನ ಕೈಹಿಡಿದು ದಾಟಿದ ಅನುಭವ ನಮ್ಮಲ್ಲಿ ಯಾರಿಗಿಲ್ಲ? ಸೀರೆಯ ನೆರಿಗೆ ಎತ್ತಿ ಹಿಡಿದ ಅಜ್ಜಿಯೊಬ್ಬರಿಗೆ ಅದು ಪ್ರಯಾಣವಲ್ಲ, ಪರೀಕ್ಷೆ.

ಈ ಮೂರನ್ನೂ ಸಾಮಾನ್ಯ ದರದಲ್ಲಿಯೇ ಒದಗಿಸಬಹುದೆಂಬುದಕ್ಕೆ ದೂರದ ದೇಶಗಳ ಉದಾಹರಣೆ ಬೇಕಿಲ್ಲ. 2023ರ ಏಪ್ರಿಲ್ 25ರಂದು ಉದ್ಘಾಟನೆಗೊಂಡ ಕೊಚ್ಚಿಯ ಜಲ ಮೆಟ್ರೋವನ್ನು ನೋಡಬಹುದು. ನೂರು ಜನರನ್ನು ಒಯ್ಯುವ ಅದರ ದೋಣಿಗಳು ವಿದ್ಯುತ್ ಬ್ಯಾಟರಿಯ ಬಲದಿಂದ ಸಾಗುತ್ತವೆ. ಅಲ್ಲಿನ ಧಕ್ಕೆಗಳು ತೇಲುವಂಥವು. ಭರತ ಇಳಿತಗಳೊಂದಿಗೆ ತಾವೂ ಏರಿಳಿಯುವುದರಿಂದ ದೋಣಿಯ ಬಾಗಿಲು ಮತ್ತು ಧಕ್ಕೆ ಒಂದೇ ಮಟ್ಟದಲ್ಲಿರುತ್ತವೆ. ಗಾಲಿಕುರ್ಚಿಯಲ್ಲಿರುವವರೂ ಯಾರ ಹಂಗಿಲ್ಲದೆ ಒಳಹೋಗಬಲ್ಲರು. ಪ್ರವೇಶದ್ವಾರದಲ್ಲಿಯೇ ಎಣಿಕೆ ನಡೆಯುವುದರಿಂದ ದೋಣಿ ತುಂಬಿದ ಮೇಲೆ 'ಇನ್ನಿಬ್ಬರು ಹತ್ತಿಕೊಳ್ಳಿ' ಎನ್ನುವ ಮಾತಿಗೆ ಆಸ್ಪದವಿಲ್ಲ.

ಆದರೆ ಅದೇ ಕೇರಳದಲ್ಲಿ, ಜಲ ಮೆಟ್ರೋ ಆರಂಭವಾದ ಎರಡು ವಾರದೊಳಗೆ, 2023ರ ಮೇ 7ರಂದು ತಾನೂರಿನಲ್ಲಿ ಕಿಕ್ಕಿರಿದ ವಿಹಾರದೋಣಿ ಮಗುಚಿ 22 ಮಂದಿ ಸತ್ತರು. ಅವರಲ್ಲಿ ಮಕ್ಕಳೂ ಅನೇಕರು. ನಮ್ಮ ಕಾರವಾರದಲ್ಲಿ 2019ರ ಜನವರಿ 21ರಂದು ಕೂರ್ಮಗಡದ ನರಸಿಂಹ ಜಾತ್ರೆ ಮುಗಿಸಿ ಮರಳುತ್ತಿದ್ದ ದೋಣಿ ಮುಳುಗಿ 16 ಭಕ್ತರು ಪ್ರಾಣ ಕಳೆದುಕೊಂಡರು. ಎರಡೂ ಕಡೆ ಕೇಳಿಬಂದ ದೂರು ಒಂದೇ: ಮಿತಿಮೀರಿದ ಜನ, ಲೈಫ್ ಜಾಕೆಟ್‌ಗಳ ಅಭಾವ. ದೋಣಿಯ ಲೆಕ್ಕ ಬಸ್ಸಿನ ಲೆಕ್ಕದಂತಲ್ಲ. ಮೇಲಂತಸ್ತಿಗೆ ಹೆಚ್ಚು ಜನ ಹತ್ತಿದಷ್ಟೂ ಭಾರದ ಕೇಂದ್ರ ಮೇಲಕ್ಕೇರುತ್ತದೆ. ಎಲ್ಲರೂ ಚಿತ್ರ ತೆಗೆಯಲು ಒಂದೇ ಬದಿಗೆ ಸರಿದರೆ ವಾಲಿದ ದೋಣಿ ಮರಳಿ ನೆಟ್ಟಗಾಗುವ ಶಕ್ತಿಯನ್ನು ಕಳೆದುಕೊಳ್ಳುತ್ತದೆ.

ದೋಣಿಯವರ ಕಷ್ಟವನ್ನೂ ನಾವು ಅಲ್ಲಗಳೆಯುವಂತಿಲ್ಲ. ಮಳೆಗಾಲದ ತಿಂಗಳುಗಳಲ್ಲಿ ಅನೇಕ ದೋಣಿಗಳಿಗೆ ದುಡಿಮೆಯಿಲ್ಲ. ವರ್ಷದ ಬದುಕೆಲ್ಲ ರಜಾದಿನಗಳ ಜನಸಂದಣಿಯನ್ನೇ ನಂಬಿಕೊಂಡಿದೆ. ಜಾಕೆಟ್ ಕೊಟ್ಟರೂ ಸೆಕೆಯೆಂದು, ಬೆವರಿನ ವಾಸನೆಯೆಂದು, ಚಿತ್ರದಲ್ಲಿ ಚೆನ್ನಾಗಿ ಕಾಣದೆಂದು ಕಳಚಿಡುವವರು ನಾವೇ. ಆದುದರಿಂದ ಹೊಣೆಯನ್ನು ಒಬ್ಬರ ತಲೆಗೆ ಕಟ್ಟಿ ಕೈತೊಳೆದುಕೊಳ್ಳುವುದು ಸಲ್ಲದು. ಕಾನೂನಿನ ಕೊರತೆಯೂ ಇಲ್ಲ. ದೋಣಿಗಳ ನೋಂದಣಿ, ತಪಾಸಣೆ, ಸುರಕ್ಷತೆಗಳಿಗಾಗಿ 2021ರಲ್ಲಿ ಒಳನಾಡು ನೌಕೆಗಳ ಹೊಸ ಕಾಯಿದೆಯೇ ಬಂದಿದೆ. ಕೊರತೆಯಿರುವುದು ಧಕ್ಕೆಯಲ್ಲಿ ದಿನವೂ ನಿಂತು ತಲೆ ಎಣಿಸುವ ಅಧಿಕಾರಿಯದು, ಮತ್ತು ಆತನನ್ನು ಕೇಳುವ ಪ್ರಯಾಣಿಕನದು.

ಕೊಚ್ಚಿಯ ಮಾದರಿಯ ಜಲ ಮೆಟ್ರೋ ಮುಂಬಯಿಗೂ ಬರಲಿದೆಯೆಂಬ ಮಾತು ನಡೆದಿದೆ. ಮಂಗಳೂರಿನಲ್ಲಿ ನೇತ್ರಾವತಿ, ಗುರುಪುರ ನದಿಗಳಲ್ಲಿ ಅಂತಹುದೇ ಸೇವೆಯ ಆಲೋಚನೆಯನ್ನು ಕರ್ನಾಟಕ ಸರಕಾರ ಮುಂದಿಟ್ಟಿದೆ. ನಮ್ಮ ಎರಡು ಊರುಗಳೂ ಮತ್ತೆ ನೀರಿನತ್ತ ಮುಖಮಾಡುತ್ತಿರುವುದು ಸಂತಸದ ಸಂಗತಿ. ಆದರೆ ಹೊಸ ದೋಣಿ ತಂದು ಹಳೆಯ ಅಭ್ಯಾಸವನ್ನೇ ಅದರಲ್ಲಿ ಕೂರಿಸಿದರೆ ಫಲವೇನು? ತೇಲುವ ಧಕ್ಕೆ ಮತ್ತು ಎಣಿಕೆಯ ದ್ವಾರ ಯೋಜನೆಯ ಮೊದಲ ಪುಟದಲ್ಲಿರಲಿ. ಚಹಾದ ಮಳಿಗೆ ಎರಡನೆಯ ಪುಟಕ್ಕೆ ಬಂದರೂ ಚಿಂತೆಯಿಲ್ಲ.

ಅಲ್ಲಿಯವರೆಗೆ ನಮ್ಮ ಕೈಯಲ್ಲಿರುವುದು ಇಷ್ಟು. ಮುಂದಿನ ರಜೆಯಲ್ಲಿ ನೆಂಟರೊಡನೆ ಧಕ್ಕೆಗೆ ಹೋದಾಗ ದೋಣಿಯ ಮೇಲೆ ಬರೆದಿರುವ ಪ್ರಯಾಣಿಕರ ಸಂಖ್ಯೆಯನ್ನು ಓದೋಣ. ತುಂಬಿದ ದೋಣಿಯನ್ನು ಬಿಟ್ಟು ಮುಂದಿನದಕ್ಕೆ ಕಾಯೋಣ. ಜಾಕೆಟ್ಟನ್ನು ನಾವು ಮೊದಲು ತೊಟ್ಟು, ಮಕ್ಕಳಿಗೆ ತೊಡಿಸಿ, ದಡ ಸೇರುವವರೆಗೆ ಕಳಚದಿರೋಣ. ಊರಿನಿಂದ ನಮ್ಮನ್ನು ನಂಬಿ ಬಂದವರನ್ನು ಬಂದ ಹಾಗೆಯೇ ಊರಿಗೆ ಕಳುಹಿಸಿಕೊಡುವುದು ಆತಿಥ್ಯದ ಮೊದಲ ಧರ್ಮವಲ್ಲವೇ?