ಚೆಂಡು ಹಿಡಿದ ಕೈಗೆ ಪದವಿಯೂ ಇರಲಿ

ಕಾಲೇಜಿನ ಬಾಸ್ಕೆಟ್‌ಬಾಲ್ ತಂಡದ ಹುಡುಗ ಎರಡು ಕಪ್ ಗೆದ್ದು ತಂದರೆ ಸಾಕು, 'ಇನ್ನ ಓದೂ ಬ್ಯಾಡ, ಮಗ್ಗಾನೂ ಬ್ಯಾಡ, ಆಟದಾಗ ರೊಕ್ಕ ಐತಿ' ಎಂದು ಹುರಿದುಂಬಿಸುವವರು ಹುಟ್ಟಿಕೊಳ್ಳುತ್ತಾರೆ. ಇಳಕಲ್ಲಿನ ತಂದೆತಾಯಿಗಳು ಈ ಮಾತಿಗೆ ತಲೆದೂಗುವ ಮೊದಲು, ಆಟವನ್ನೇ ವೃತ್ತಿ ಮಾಡಿಕೊಂಡವರ ಕಥೆ ಏನಾಯಿತೆಂದು ತಿಳಿಯುವುದು ಒಳ್ಳೆಯದು.

ಕೇರಳದ ಗೀತು ಅನ್ನಾ ಜೋಸ್ ಚಂಗನಾಶೇರಿಯ ಅಸಂಪ್ಷನ್ ಕಾಲೇಜಿನಿಂದ ಬಂದ ಆಟಗಾರ್ತಿ. ದಕ್ಷಿಣ ರೈಲ್ವೆಯಲ್ಲಿ ನೌಕರಿ ಹಿಡಿದರು. 2006ರಿಂದ 2008ರವರೆಗೆ ಆಸ್ಟ್ರೇಲಿಯಾದ ರಿಂಗ್‌ವುಡ್ ಕ್ಲಬ್ಬಿಗೆ ಆಡಿದರು. 2011ರಲ್ಲಿ ಅಮೆರಿಕದ ಮಹಿಳಾ ಲೀಗಿನ ಮೂರು ತಂಡಗಳು ಅವರನ್ನು ಕರೆಸಿ ಪರೀಕ್ಷಿಸಿದವು. ಒಪ್ಪಂದ ಸಿಗಲಿಲ್ಲ. ಸಿಗದಿದ್ದರೇನು, ಬೀದಿಗೆ ಬೀಳಲಿಲ್ಲ. ಬೆನ್ನಿಗೆ ರೈಲ್ವೆ ಇತ್ತು, ಭಾರತ ತಂಡದ ಆಟ ಇತ್ತು. 2014ರಲ್ಲಿ ಅರ್ಜುನ ಪ್ರಶಸ್ತಿಯೂ ಬಂತು.

ಇನ್ನೊಬ್ಬರು ಪಂಜಾಬದ ಬಲ್ಲೋಕೆ ಹಳ್ಳಿಯ ಸತ್ನಾಮ್ ಸಿಂಗ್. ಎತ್ತರ 7 ಅಡಿ 2 ಅಂಗುಲ! 2010ರಲ್ಲಿ, ಮೀಸೆ ಮೂಡುವ ವಯಸ್ಸಿನಲ್ಲೇ ಫ್ಲೋರಿಡಾದ ಅಕಾಡೆಮಿ ಸೇರಿದರು. ಕಾಲೇಜು ಆಟದ ಮೆಟ್ಟಿಲು ಹತ್ತದೆ ನೇರವಾಗಿ 2015ರ ಎನ್‌ಬಿಎ ಆಯ್ಕೆಗೆ ನಿಂತರು. ಡಲ್ಲಾಸ್ ತಂಡ 52ನೆಯವರಾಗಿ ಆರಿಸಿಕೊಂಡಿತು. ಭಾರತದಲ್ಲಿ ಹುಟ್ಟಿದವರಿಗೆ ಈ ಮಾನ ಸಿಕ್ಕಿದ್ದು ಅದೇ ಮೊದಲು. ಆದರೆ ಎನ್‌ಬಿಎ ಋತುವಿನ ಒಂದೇ ಒಂದು ಪಂದ್ಯವನ್ನೂ ಅವರು ಆಡಲಿಲ್ಲ. 2020ರಲ್ಲಿ ಉದ್ದೀಪನ ಮದ್ದಿನ ಪ್ರಕರಣದಲ್ಲಿ ಎರಡು ವರ್ಷದ ನಿಷೇಧ ಬಿತ್ತು. ಮುಂದೆ ಅಮೆರಿಕದ ಪ್ರದರ್ಶನ ಕುಸ್ತಿಯ ಕಣಕ್ಕೆ ಇಳಿದರು. ಅಷ್ಟು ಎತ್ತರದ ಆಳಿನ ಪಾಡೇ ಇದಾದರೆ ಉಳಿದವರ ಗತಿ ಏನು?

ಕರ್ನಾಟಕದ ಮಾತಿಗೆ ಬರೋಣ. ಯುಬಿಎ ಎಂಬ ಲೀಗು 2015ರಲ್ಲಿ ಶುರುವಾಯಿತು, ಬೆಂಗಳೂರು ಬೀಸ್ಟ್ ಎಂಬ ತಂಡವೂ ಎದ್ದಿತು. 2017ಕ್ಕೆ ಲೀಗಿನ ಆಟವೇ ನಿಂತಿತು. ಅದಕ್ಕೂ ಮೊದಲು ರಾಜ್ಯದ ಆಟಗಾರರಿಗೆ ಬ್ಯಾಂಕುಗಳೇ ಆಸರೆ. ವಿಜಯಾ ಬ್ಯಾಂಕಿನ ಬಾಸ್ಕೆಟ್‌ಬಾಲ್ ತಂಡ ಹೆಸರುವಾಸಿ. ಆ ಬ್ಯಾಂಕೇ 2019ರ ಏಪ್ರಿಲ್ 1ರಂದು ಬ್ಯಾಂಕ್ ಆಫ್ ಬರೋಡಾದಲ್ಲಿ ಕರಗಿಹೋಯಿತು. ಸ್ಟೇಟ್ ಬ್ಯಾಂಕ್ ಆಫ್ ಮೈಸೂರು 2017ರಲ್ಲೇ ಹೋಗಿತ್ತು. ಲೀಗು ನಂಬಿದರೆ ಲೀಗಿಲ್ಲ, ಬ್ಯಾಂಕು ನಂಬಿದರೆ ಬ್ಯಾಂಕಿಲ್ಲ!

'ವಯಸ್ಸು ಕಾಯೂದಿಲ್ರೀ, ಮೂವತ್ತಕ್ಕ ಮೊಣಕಾಲು ಹೋಗತಾವ' ಎಂಬ ವಾದ ಸುಳ್ಳಲ್ಲ. ಆಡುವ ಮಕ್ಕಳನ್ನು ಮನೆಯಲ್ಲಿ ಕಟ್ಟಿಹಾಕಿ ಎಂದು ಯಾರೂ ಹೇಳುತ್ತಿಲ್ಲ. ಮೊಣಕಾಲು ಹೋದ ಮೇಲೆ ಉಣ್ಣುವುದು ಏನು ಎಂಬುದಷ್ಟೇ ಪ್ರಶ್ನೆ. ಇಳಕಲ್ ಸೀರೆಯ ಮೈಯ ಹಾಸು ಬೇರೆ, ಸೆರಗಿನ ಹಾಸು ಬೇರೆ. ಎಳೆಗೆ ಎಳೆ ಕೊಂಡಿ ಹಾಕಿದರೇ ಸೀರೆ. ಓದಿಗೂ ಆಟಕ್ಕೂ ಆ ಕೊಂಡಿ ಹಾಕುವವರು ಯಾರು?

ಹುಡುಗನ ಕೈಲಿ ಆಗುವ ಕೆಲಸವಲ್ಲ ಅದು, ಕಾಲೇಜು ಮಾಡಬೇಕಾದದ್ದು. ಪಂದ್ಯಕ್ಕೆ ಹೋದ ದಿನ ಹಾಜರಿ ಕತ್ತರಿಸಬಾರದು. ತಪ್ಪಿದ ಪಾಠವನ್ನು ಸಂಜೆ ಹೇಳಿಕೊಡಬೇಕು. ಅಂಕಣದ ಬೀಗ ಹೆಣ್ಣುಮಕ್ಕಳಿಗೂ ತೆರೆಯಬೇಕು. ಹುಬ್ಬಳ್ಳಿಯಲ್ಲೇ ನೈರುತ್ಯ ರೈಲ್ವೆಯ ಕೇಂದ್ರ ಕಚೇರಿ ಇದೆ. ಕ್ರೀಡಾ ಕೋಟಾದ ಕರೆ ಅಲ್ಲಿಂದ ಹೊರಟಾಗ ಆ ಕಾಗದ ಇಳಕಲ್, ಹುನಗುಂದ, ಬಾದಾಮಿಯ ಕಾಲೇಜು ಫಲಕಗಳ ಮೇಲೆ ಕಾಣಬೇಕು. ಕಾಗದ ಹಚ್ಚಲು ಖರ್ಚೇನು? ಒಂದು ಚಮಚ ಅಂಟು!

ದೈಹಿಕ ಶಿಕ್ಷಣ ನಿರ್ದೇಶಕರನ್ನು ಪರೀಕ್ಷಾ ಕೊಠಡಿ ಕಾಯಲು, ಮೆರವಣಿಗೆ ಸಾಲು ಸರಿಪಡಿಸಲು ಮಾತ್ರ ಇಟ್ಟುಕೊಂಡ ಕಾಲೇಜುಗಳು, ಆಟಗಾರ ಗೆದ್ದ ದಿನ ಹಾರ ಹಿಡಿದು ಫೋಟೋಕ್ಕೆ ನಿಲ್ಲುವ ಹಕ್ಕು ಕಳೆದುಕೊಂಡಿವೆ. ಆಡಳಿತ ಮಂಡಳಿಗಳ ಹಿರಿಯರು ಇತ್ತ ಲಕ್ಷ್ಯ ಕೊಡಲಿ.